ಅಣ್ಣನ ಸೊಂಟದ ಎರಡಿಂಚು

ನಮ್ಮಣ್ಣ ದರ್ಜಿ. ಬೀದಿಯ ತಿರುವಿನಲ್ಲಿ ಎರಡು ಕೋಣೆಯ ಅಂಗಡಿ. ಮುಂದಿನ ಕೋಣೆಯಲ್ಲಿ ಅವನು, ಅವನ ಕತ್ತರಿಸುವ ಮೇಜು. ಹಿಂದಿನದರಲ್ಲಿ ಅವನ ತಂಗಿ ನಾನು, ನನ್ನ ಕಾಜಾ, ಗುಂಡಿ ಮತ್ತು ನನ್ನ ಬಾಯಿ. ನನ್ನ ಬಾಯಿ ಜೋರು ಅಂತ ಎಲ್ಲರೂ ಹೇಳುತ್ತಾರೆ. ಇಪ್ಪತ್ತು ವರ್ಷ ಆ ಮನುಷ್ಯನ ಜೊತೆ ಕೆಲಸ ಮಾಡಿ ನೋಡಲಿ, ಆಮೇಲೆ ಹೇಳಲಿ.

ಮರಗಳು ಎಲೆ ಉದುರಿಸಲು ಶುರು ಮಾಡಿದರೆ ನಮಗೆ ಸುಗ್ಗಿ. ಹೋದ ವರ್ಷದ ಕೋಟು ಹೊಟ್ಟೆಗೆ ಸಾಲದವರು, ಹೊಸದು ಬೇಕಾದವರು, ಎಲ್ಲರೂ ಒಟ್ಟಿಗೇ ನುಗ್ಗುತ್ತಾರೆ. ಅಣ್ಣ ಅಳತೆ ತೆಗೆಯುತ್ತಲೇ ಡಾಕ್ಟರಿಕೆಯನ್ನೂ ಮಾಡುತ್ತಾನೆ. "ಇನ್ನು ಬೇಗ ಕತ್ತಲಾಗುತ್ತೆ, ಬೆಳಕಿರುವಾಗಲೇ ಒಂದು ಸುತ್ತು ನಡೆದು ಬನ್ನಿ. ಬಿಸಿಬಿಸಿಯಾಗಿ ಊಟ ಮಾಡಿ. ಮನಸ್ಸು ಮಂಕಾದ್ರೆ ಒಬ್ಬರೇ ಕೂತ್ಕೋಬೇಡಿ, ಯಾರ ಹತ್ರಾನಾದ್ರೂ ಮಾತಾಡಿ." ಗಿರಾಕಿಗಳು ತಲೆಯಾಡಿಸಿ ಹೋಗುತ್ತಾರೆ. ಊರಿಗೆಲ್ಲ ಬುದ್ಧಿ ಹಂಚುವವನು ತನಗೆ ಅಂತ ಚೂರೂ ಇಟ್ಟುಕೊಂಡಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಈ ವರ್ಷ.

ಪ್ರತಿವರ್ಷ ಮೊದಲ ಕೋಟು ಅವನದೇ. ದರ್ಜಿಯ ಮೈಮೇಲೆ ಕೋಟು ಚೆನ್ನಾಗಿ ಕೂತರೆ ತಾನೇ ನಾಲ್ಕು ಜನ ಬರುವುದು? ಕನ್ನಡಿಯ ಮುಂದೆ ನಿಂತು ತಾನೇ ಸೊಂಟಕ್ಕೆ ಟೇಪು ಸುತ್ತಿಕೊಂಡ. ಅಳತೆಪುಸ್ತಕದಲ್ಲಿ ಹೋದ ವರ್ಷದ್ದು ಮೂವತ್ತಾರು ಇಂಚು. ಈಗ ಮೂವತ್ತನಾಲ್ಕು.

"ಎರಡಿಂಚು ಎಲ್ಲಿ ಹೋಯ್ತು?" ಎಂದೆ.

"ಟೇಪು ಹಳೇದಾಯ್ತು ಕಣೇ. ಎಳೆದೂ ಎಳೆದೂ ಹಿಗ್ಗಿದೆ, ಅದಕ್ಕೇ ಕಮ್ಮಿ ತೋರಿಸ್ತಿದೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಅವನ ಕೆನ್ನೆ ಒಳಗೆ ಹೋಗಿರುವುದು, ಕೊರಳಪಟ್ಟಿಯೊಳಗೆ ನನ್ನ ಎರಡು ಬೆರಳು ತೂರುವಷ್ಟು ಜಾಗ ಆಗಿರುವುದು ನನಗೆ ಕಾಣುತ್ತಿಲ್ಲವೇ? ಮೂರು ವಾರದಿಂದ ನೋಡುತ್ತಲೇ ಇದ್ದೆ. ಮಷೀನಿನ ಮುಂದೆ ಕೂತ ಹತ್ತು ನಿಮಿಷಕ್ಕೆ ಎದ್ದು ನಲ್ಲಿಯ ಹತ್ತಿರ ಹೋಗುತ್ತಾನೆ, ಗಟಗಟ ನೀರು ಕುಡಿಯುತ್ತಾನೆ. ಬಂದು ಕೂರುತ್ತಾನೆ, ಮತ್ತೆ ಏಳುತ್ತಾನೆ. ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಟ. ಒಮ್ಮೆ ಇಸ್ತ್ರಿ ಮಾಡಿದ ತೋಳಿಗೇ ಮತ್ತೆ ಮತ್ತೆ ಇಸ್ತ್ರಿ. ಅವನ ಹೆಜ್ಜೆ ಕೇಳಿ ಕೇಳಿ ನನಗೆ ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ.

"ಡಾಕ್ಟರ ಹತ್ರ ಹೋಗಿ ಬಾ ಅಣ್ಣಾ."

"ಸೀಸನ್ನಿನಲ್ಲಿ ಪುರುಸೊತ್ತೆಲ್ಲಿದೆ?"

"ಮೂರು ಬೀದಿ ದಾಟಿದ್ರೆ ಕ್ಲಿನಿಕ್ಕು!"

"ನೀನು ಕಾಜಾ ನೋಡ್ಕೋ ಹೋಗು."

ನೋಡಿಕೊಂಡೆ. ಸಿಟ್ಟಿನಲ್ಲಿ ಒಂದು ಕಾಜಾವನ್ನು ಎಡಗಡೆ ಹೊಲಿಯುವ ಬದಲು ಬಲಗಡೆ ಹೊಲಿದೆ.

ಇಷ್ಟಕ್ಕೇ ಮುಗಿದಿದ್ದರೆ ಸರಿ. ಮುಂದಿನ ವಾರ ಪೋಸ್ಟಿನವನು ಹೊಸ ಕೋಟು ಹಾಕಿಕೊಂಡೇ ಅಂಗಡಿಗೆ ನುಗ್ಗಿದ. ತೋಳು ಅಗಲಿಸಿ ನಿಂತ. "ಏನ್ರೀ ಇದು ಟೈಲರೇ? ಇದರೊಳಗೆ ನಾನು, ನನ್ನ ಹೆಂಡತಿ, ಅತ್ತೆ, ಮೂರೂ ಜನ ಹಿಡೀತೀವಿ!" ನಾನು ಬಿದ್ದು ಬಿದ್ದು ನಕ್ಕೆ. ಮಧ್ಯಾಹ್ನ ಬ್ರೆಡ್ಡಂಗಡಿಯ ಯಜಮಾನರು ಬಂದರು. ಅವರದ್ದೂ ಜೋಲು. ಸಂಜೆ ಶಾಲೆಯ ಟೀಚರಮ್ಮ ಕೋಟನ್ನು ಮಡಿಸಿ ಮೇಜಿನ ಮೇಲಿಟ್ಟು, ಅಣ್ಣನನ್ನೇ ನೋಡಿದರು. ಆಗ ನನ್ನ ನಗು ನಿಂತಿತು. ಅಪ್ಪನ ಕಾಲದಿಂದ ನಮ್ಮಂಗಡಿಗೆ ಒಂದು ಕೋಟು ವಾಪಸು ಬಂದದ್ದಿಲ್ಲ, ಇವತ್ತು ಒಂದೇ ದಿನ ಮೂರು.

ಟೀಚರಮ್ಮ ಹೋದ ಮೇಲೆ ಪುಸ್ತಕ ತೆಗೆದು ನೋಡಿದೆ. ಮೂವರ ಅಳತೆಯೂ ಹೋದ ವರ್ಷದಷ್ಟೇ ಬಂದಿದೆ. ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಒಂದೇ ಲೆಕ್ಕ: ಟೇಪು ಹಿಗ್ಗಿದೆ, ಎರಡಿಂಚು ಸೇರಿಸು.

ನಮ್ಮಲ್ಲಿ ಮೈ ಅಳೆಯುವುದಕ್ಕೆ ಟೇಪು. ಬಟ್ಟೆ ಕತ್ತರಿಸುವುದು ಮಾತ್ರ ಮೇಜಿನ ಅಂಚಿಗೆ ಮೊಳೆ ಹೊಡೆದ, ಇಂಚು ಗುರುತಿನ ಹಿತ್ತಾಳೆ ಪಟ್ಟಿಯ ಮೇಲೆ. ಟೇಪಿನ ಮೇಲೆ ಅನುಮಾನ ಬಂದರೆ ಆ ಪಟ್ಟಿಯ ಪಕ್ಕ ಹಾಸಿ ನೋಡಿದರಾಯಿತು, ಕಸುಬು ಕಲಿಯಲು ಬಂದ ಮೊದಲ ದಿನವೇ ಹೇಳಿಕೊಡುವ ಪಾಠ ಅದು. ಅಣ್ಣನ ಕೊರಳಿಂದ ಟೇಪು ಎಳೆದುಕೊಂಡು ಪಟ್ಟಿಯ ಮೇಲೆ ಹಾಸಿದೆ. ಇಂಚಿಗೆ ಇಂಚು, ಗೆರೆಗೆ ಗೆರೆ, ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ.

"ಇಷ್ಟು ವರ್ಷದ ಕೈ ನಿಂದು! ಒಂದು ಸಲ ಹಾಸಿ ನೋಡೋಕೆ ಏನಾಗಿತ್ತು ದಾಡಿ?"

ಅಣ್ಣ ಸ್ಟೂಲಿನ ಮೇಲೆ ಕೂತ. ಅವತ್ತು ಅವನು ಸುಮ್ಮನೆ ಕೂತದ್ದು ಅದೇ ಮೊದಲು.

"ನೋಡಿದ್ದೆ," ಎಂದ. "ಮೊದಲ ದಿನವೇ ನೋಡಿದ್ದೆ. ಟೇಪು ಸರಿಯಾಗೇ ಇದೆ."

"ಮತ್ತೆ ಈ ಮೂರು ಕೋಟು?"

"ಅವರದ್ದನ್ನ ಸರಿಯಾಗಿ ಕತ್ತರಿಸಿದ್ರೆ, ಟೇಪು ಸರಿ ಅಂತ ಒಪ್ಕೊಂಡ ಹಾಗಾಗ್ತಿತ್ತಲ್ಲೇ. ಆಮೇಲೆ ನನ್ನ ಸೊಂಟಕ್ಕೆ ಏನು ಹೇಳ್ಲಿ? ಅಪ್ಪನ ಪ್ಯಾಂಟನ್ನ ನಾನೇ ಮೂರು ಸಲ ಬಿಗಿ ಮಾಡಿ ಹೊಲಿದಿದ್ದೆ ಕಣೇ, ಇಂಥದ್ದೇ ತಿಂಗಳಲ್ಲಿ. ನಾಲ್ಕನೇ ಸಲಕ್ಕೆ ಅಪ್ಪ ಇರ್ಲಿಲ್ಲ. ನಂಗೆ ಭಯ ಆಗ್ತಿದೆ."

ಅವನ ಭಯ ನನಗೂ ಹತ್ತಿಕೊಂಡಿತು. ಶಟರ್ ಎಳೆದು ಬೀಗ ಹಾಕಿದೆ. ಅವನ ತೋಳು ಹಿಡಿದುಕೊಂಡು ಹೊರಟೆ. ದಾರಿಯುದ್ದಕ್ಕೂ ಕಾಲಡಿ ಒಣಗಿದ ಎಲೆ. ಅಣ್ಣ ಮಾತ್ರ ಬೆನ್ನು ನೆಟ್ಟಗೆ ಮಾಡಿಕೊಂಡು, ಎದುರಾದವರಿಗೆಲ್ಲ ತಲೆಬಾಗಿ ನಕ್ಕು ನಡೆದ.

ಕ್ಲಿನಿಕ್ಕಿನಲ್ಲಿ ಮುಕ್ಕಾಲು ಗಂಟೆ ಕಾದೆವು. ಅಷ್ಟರಲ್ಲಿ ಅವನು ನಾಲ್ಕು ಸಲ ಎದ್ದ, ನಾಲ್ಕು ಸಲವೂ ಅಂಗಿ ಹಿಡಿದು ಕೂರಿಸಿದೆ. ಡಾಕ್ಟರಮ್ಮ ತೂಕ ನೋಡಿದರು, ಬಾಯಾರಿಕೆ ಎಷ್ಟು ದಿನದಿಂದ ಎಂದು ಕೇಳಿದರು, ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ಸಣ್ಣ ಮಷೀನಿಗೆ ಹಾಕಿದರು.

"ಸಕ್ಕರೆ ಕಾಯಿಲೆ," ಎಂದರು. "ತುಂಬಾ ಜಾಸ್ತಿ ಇದೆ. ಇನ್ನೂ ಎರಡು ಪರೀಕ್ಷೆ ಮಾಡಿಸೋಣ, ಆದ್ರೆ ಔಷಧಿ ಇವತ್ತೇ ಶುರು. ಊಟ, ನಡಿಗೆ, ಮಾತ್ರೆ ಸರಿಯಾಗಿ ನೋಡ್ಕೊಂಡ್ರೆ ನೀವು ಇನ್ನೂ ಎಷ್ಟೋ ವರ್ಷ ಹೊಲೀಬಹುದು. ನಿದ್ದೆ ಬರ್ತಿದೆಯಾ?"

"ಇಲ್ಲ," ಎಂದ ಅಣ್ಣ.

"ಯಾರ ಹತ್ರಾನಾದ್ರೂ ಹೇಳ್ಕೊಂಡ್ರಾ?"

ಅಣ್ಣ ನನ್ನ ಕಡೆ ನೋಡಿದ. "ಇವತ್ತು ಹೇಳ್ದೆ."

ಚೀಟಿ ತೆಗೆದುಕೊಂಡು ಹೊರಗೆ ಬಂದೆವು. ಮೂರು ಮೆಟ್ಟಿಲು ಇಳಿದವನು ಕಂಬಿ ಹಿಡಿದು ಹಾಗೇ ನಿಂತುಬಿಟ್ಟ.

"ಏನಾಯ್ತು? ಡಾಕ್ಟರಮ್ಮನ್ನ ಕರೀಲಾ?"

"ಬೇಡ. ಸಾಯ್ತೀನಿ ಅಂದ್ಕೊಂಡು ಇಷ್ಟು ದಿನ ನೆಟ್ಟಗೆ ನಡೆದೆ. ಬದುಕ್ತೀನಿ ಅಂತ ಗೊತ್ತಾಗಿದ್ದೇ ತಡ, ಕಾಲು ನಿಲ್ತಾ ಇಲ್ಲ ನೋಡು."

ಅವನನ್ನು ಮೆಟ್ಟಿಲ ಮೇಲೆ ಕೂರಿಸಿದೆ. ಬಂದು ಹೋಗುವವರಿಗೆ ದಾರಿ ಬಿಟ್ಟು ನಾನೂ ಪಕ್ಕದಲ್ಲಿ ಕೂತೆ.