ಶಾಂತಾ ಹೇಳಿದ ಕೊನೆ

ಗೆಳೆಯರೇ, ಇವತ್ತು ಸದಾಶಿವ ಪೇಠದ ಸಭಾಂಗಣದಲ್ಲಿ ಎಲ್ಲರೂ ಅಳುತ್ತಿರುವಾಗ ನಾನೊಬ್ಬನೇ ಜೋರಾಗಿ ನಕ್ಕುಬಿಟ್ಟೆ.

ಇಲ್ಲಿನ ನಮ್ಮ ಕನ್ನಡ ಸಂಘದವರು ಒಬ್ಬ ದೊಡ್ಡ ನಿರ್ದೇಶಕರ ಹಳೆಯ ಚಿತ್ರ ಹಾಕಿದ್ದರು. ಅವರ ಚಿತ್ರಗಳೆಂದರೆ ನನಗೆ ಪ್ರಾಣ, ಆದರೆ ಕೊನೆಯ ಸಂಕಟ ಮಾತ್ರ ತಡೆಯಲಾಗದು. ಹಿಂದೆಲ್ಲ ಆ ಹೊತ್ತಿಗೆ ಎದ್ದು ಹೊರಗೆ ಹೋಗಿಬಿಡುತ್ತಿದ್ದೆ. ಹೆಂಡತಿ ಶಾಂತಾ ಪೂರ್ತಿ ನೋಡಿ ಬಂದು, ದಾರಿಯಲ್ಲಿ ಉಳಿದ ಕಥೆ ಹೇಳುತ್ತಿದ್ದಳು. ಈಗ ಹೇಳಲು ಅವಳಿಲ್ಲ. ಕುಳಿತೇ ಇದ್ದೆ.

ನಾಯಕಿ ನದಿಯತ್ತ ನಡೆದಳು. ಪಕ್ಕದಲ್ಲಿದ್ದ ನೆರೆಮನೆಯ ಮಾಲತಿ ಕಾಕೂ ಬಿಕ್ಕತೊಡಗಿದರು.

“ಅಳಬ್ಯಾಡ್ರಿ ಕಾಕೂ,” ಎಂದೆ. “ಗಂಡ ಓಡಿ ಬಂದು ಕೈ ಹಿಡೀತಾನ. ಆಮ್ಯಾಲೆ ಇಬ್ರೂ ಮನಿಗೆ ಹೋಗಿ ಚಹಾ ಕುಡೀತಾರ. ನಮ್ಮಾಕಿ ಹೇಳ್ಯಾಳ.”

ಗಂಡ ಓಡಿ ಬಂದ. ದಂಡೆಯಲ್ಲಿ ಅವಳ ಚಪ್ಪಲಿಗಳಷ್ಟೇ ಇದ್ದವು. ಒಂದೂ ಮಾತಿಲ್ಲದೆ, ನಿರ್ದೇಶಕ ಮಹಾನುಭಾವರು ಬರೀ ಚಪ್ಪಲಿಗಳನ್ನು ತೋರಿಸಿ ಚಿತ್ರ ಮುಗಿಸಿದರು.

“ಎಲ್ಲದರಿ ನಿಮ್ಮ ಚಹಾ?” ಕಾಕೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಗದರಿದರು.

ನಗು ಬಂದದ್ದು ಆಗಲೇ. ಇಷ್ಟು ವರ್ಷ ಶಾಂತಾ ನನಗೋಸ್ಕರ ಎಲ್ಲರನ್ನೂ ಬದುಕಿಸಿ, ಚಹಾ ಕುಡಿಸಿ ಕಳಿಸಿದ್ದಳು! ಎಷ್ಟು ತಡೆದರೂ ನಗು ನಿಲ್ಲಲಿಲ್ಲ, ಕಣ್ಣೀರೂ ನಿಲ್ಲಲಿಲ್ಲ.

“ಹುಚ್ಚು ಹಿಡದದೇನ್ರಿ ನಿಮಗ?” ಎಂದರು ಕಾಕೂ. ನಾನು ಎಲ್ಲ ಹೇಳಿದ ಮೇಲೆ ಅವರೂ ಕಿಸಕ್ಕನೆ ನಕ್ಕರು. “ಭಾಳ ಜಾಣಿ ಇದ್ಲು ಬಿಡ್ರಿ.”

ಮುಂದಿನ ಭಾನುವಾರ ಅದೇ ನಿರ್ದೇಶಕರ ಇನ್ನೊಂದು ಚಿತ್ರವಿದೆ. ಶಾಂತಾ ಹೇಳಿದ ಪ್ರಕಾರ ಅದರಲ್ಲಿ ಎಲ್ಲರೂ ಸುಖವಾಗಿದ್ದಾರೆ. ಎರಡು ಕರವಸ್ತ್ರ ಒಯ್ಯುತ್ತೇನೆ.