ಪೊರ್ಬುಗಳ ಕಾರಿನಲ್ಲಿ ಹೊಸಕ್ಕಿ

ಕಜೆಟನ್ ಪೊರ್ಬುಗಳು ಮಂಗಳೂರಿನ ಜೆಪ್ಪುವಿನಲ್ಲಿ ನನ್ನ ನೆರೆಮನೆಯವರು, ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ವಿಲಾಯತಿಗೆ ಮರಳುತ್ತಿದ್ದ ದೊರೆಯೊಬ್ಬನಿಂದ ಅವರು ಹಳೆಯ ಕಾರೊಂದನ್ನು ಕೊಂಡರು. ಅಂದಿನಿಂದ ದರ್ಜಿಯಾದ ನನಗೆ ಇನ್ನೊಂದು ಕಸುಬು ಅಂಟಿಕೊಂಡಿತು: ಕಾರು ತಳ್ಳುವುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ಪೊರ್ಬುಗಳಿಗೂ ಆ ಕಾರಿಗೂ ಹೇಳಿ ಮಾಡಿಸಿದಂತಿತ್ತು. ಪೊರ್ಬುಗಳು ಹೊರಟರೆ ಕಾರು ನಿಲ್ಲುತ್ತಿತ್ತು.

ಅದಕ್ಕೆ ಅವರು ಉಪಾಯ ಕಂಡುಕೊಂಡಿದ್ದರು. ಎಲ್ಲಿ ಹೋದರೂ ಇಳಿಜಾರು ಹುಡುಕಿ, ಕಾರಿನ ಮೂತಿ ಕೆಳಗೆ ಮಾಡಿ, ಚಕ್ರಕ್ಕೊಂದು ಕಲ್ಲು ಕೊಟ್ಟು ನಿಲ್ಲಿಸುವುದು. ಹೊರಡುವಾಗ ಕಲ್ಲು ತೆಗೆದರೆ ಕಾರು ಉರುಳುತ್ತ ಉರುಳುತ್ತ ಚಾಲೂ ಆಗುತ್ತಿತ್ತು. ಮಂಗಳೂರಿನಲ್ಲಿ ಇಳಿಜಾರಿಗೇನು ಬರ? ಅವರ ಹೆಂಡತಿ ಅಪೊಲೋನಿಯಾ ಬಾಯಿ ಆ ಕಲ್ಲನ್ನು ಕಾಲಬುಡದಲ್ಲಿ ಇಟ್ಟುಕೊಂಡೇ ಭಾನುವಾರದ ಪೂಜೆಗೆ ಇಗರ್ಜಿಗೆ ಹೋಗುತ್ತಿದ್ದರು. ಆ ಕಾರೆಂದರೆ ಆಕೆಗೂ ಪ್ರಾಣ.

೧೯೫೮ರ ಮಳೆಗಾಲದಲ್ಲಿ ಅಪೊಲೋನಿಯಾ ಬಾಯಿ ಹಾಸಿಗೆ ಹಿಡಿದು ಕಂಕನಾಡಿಯ ಆಸ್ಪತ್ರೆ ಸೇರಿದರು. ಗುಣವಾಗುವ ಕಾಯಿಲೆಯಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಆಕೆಗೂ. ಅಷ್ಟರಲ್ಲಿ ಮಾತೆ ಮೇರಿಯ ಮೊಂತಿ ಹಬ್ಬ ಬಂತು. ಅಂದು ಇಗರ್ಜಿಯಲ್ಲಿ ಆಶೀರ್ವದಿಸಿ ಕೊಟ್ಟ ಹೊಸ ತೆನೆಯ ಅಕ್ಕಿಯನ್ನು ಹಾಲಿಗೆ ಹಾಕಿ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಸೇವಿಸಬೇಕು. ದೂರದಲ್ಲಿರುವವರಿಗೆ ಮಾತ್ರ ಪಾಲು ಕಟ್ಟಿ ಕಳಿಸುತ್ತಾರೆ.

"ನನ್ನ ಪಾಲು ಕಟ್ಟಿ ಕಳಿಸ್ಬೇಡಿ," ಎಂದು ಬಾಯಿ ಗಂಡನಿಗೆ ಹೇಳಿದರು. "ನಾನು ಇನ್ನೂ ದೂರ ಹೋಗ್ಲಿಲ್ಲ. ಈ ಸಲ ನಿಮ್ಮೊಟ್ಟಿಗೆ ಕೂತೇ ತಿನ್ಬೇಕು."

ಒಂದು ಮಧ್ಯಾಹ್ನದ ಮಟ್ಟಿಗೆ ಮನೆಗೆ ಹೋಗಲು ಡಾಕ್ಟರು ಒಪ್ಪಿದರು. ತಳ್ಳಲು ಜನ ಬೇಕಲ್ಲ, ಪೊರ್ಬುಗಳು ನನ್ನನ್ನೂ ಕೂರಿಸಿಕೊಂಡು ಹೋದರು. ಆಸ್ಪತ್ರೆಯ ಹೊರಗೆ ಒಳ್ಳೆಯ ಇಳಿಜಾರಿತ್ತು. ಆದರೆ ಅಲ್ಲಿಯವರೆಗೆ ಹೆಂಡತಿಯನ್ನು ನಡೆಸಲು ಮನಸ್ಸಾಗದೆ, ಬಾಗಿಲ ಮುಂದಿನ ಸಮತಟ್ಟು ಅಂಗಳಕ್ಕೇ ಕಾರು ತಂದು ನಿಲ್ಲಿಸಿದರು.

"ಇಲ್ಲಿ ಬೇಡ ಮಾರಾಯ್ರೆ," ಎಂದೆ.

"ಅವಳಿಗೆ ಅಷ್ಟು ನಡೀಲಿಕ್ಕೆ ಆಗ್ತದಾ ದುಗ್ಗಪ್ಪ? ಇವತ್ತೊಂದು ದಿನ ಇದು ಮರ್ಯಾದೆ ತೆಗೀಲಿಕ್ಕಿಲ್ಲ."

ತೆಗೆಯಿತು. ಬಾಯಿಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿದೆವು. ಕಾರಿನ ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸಿ ತಿರುಗಿಸಿ ಪೊರ್ಬುಗಳ ಅಂಗೈಯಲ್ಲಿ ಬೊಕ್ಕೆ ಎದ್ದಿತು. ನಾಲ್ಕಾರು ಮಂದಿ ಸೇರಿ ತಳ್ಳಿದರೆ ಚಕ್ರ ಕೆಸರಿನಲ್ಲಿ ಹೂತುಹೋಯಿತು. ಹಬ್ಬದ ದಿನ, ಬಾಡಿಗೆ ಕಾರೂ ಸಿಗಲಿಲ್ಲ. ಪೊರ್ಬುಗಳು ಬಾನೆಟ್ಟಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟರು. ಆ ಕಾರನ್ನು ಅಲ್ಲೇ ಸುಟ್ಟುಬಿಡುವಷ್ಟು ಸಿಟ್ಟು ನನಗೆ ಬಂತು.

ಆಗ ಕಾರಿನೊಳಗಿನಿಂದ ಬಾಯಿ ಕರೆದರು. "ದುಗ್ಗಪ್ಪಣ್ಣ, ನೀವು ಬಸ್ಸಲ್ಲಿ ಹೋಗಿ ಗ್ಲ್ಯಾಡಿಸನ್ನು ಕರ್ಕೊಂಡು ಬನ್ನಿ, ಹೊಸಕ್ಕಿ ಪಾತ್ರೆ ಸಮೇತ. ಕಾರಲ್ಲಿ ಜಾಗ ಉಂಟಲ್ಲ."

ಮಗಳು ಗ್ಲ್ಯಾಡಿಸ್ ಹಾಲಿನ ಪಾತ್ರೆಗೆ ಬಟ್ಟೆ ಕಟ್ಟಿಕೊಂಡು ನನ್ನ ಜೊತೆ ಬಂದಳು. ಮೂವರೂ ಕಾರಿನೊಳಗೆ ಕೂತು ಪ್ರಾರ್ಥಿಸಿದರು. ಪೊರ್ಬುಗಳು ಹೆಂಡತಿಗೆ ಚಮಚದಲ್ಲಿ ಕುಡಿಸಿದರು. ಆಕೆ ಎರಡು ಗುಟುಕು ನುಂಗಿ, "ಕಲ್ಲು ಎಲ್ಲಿ?" ಎಂದು ಕೇಳಿ ನಕ್ಕರು. ಕಿಟಕಿಯಿಂದ ನನಗೂ ಒಂದು ಲೋಟ ಬಂತು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಆ ತಿಂಗಳು ಮುಗಿಯುವ ಮೊದಲೇ ಬಾಯಿ ತೀರಿಕೊಂಡರು.

ಮರುವರ್ಷದ ಹೊತ್ತಿಗೆ ಕಾರು ಪೂರ್ತಿ ಕೆಟ್ಟು ಅವರ ಮನೆಯಂಗಳ ಸೇರಿತ್ತು. ಗುಜರಿಯವರು ಕೇಳಿದರೂ ಪೊರ್ಬುಗಳು ಕೊಡಲಿಲ್ಲ. ಮೊಂತಿ ಹಬ್ಬದಂದು ಗ್ಲ್ಯಾಡಿಸ್ ಮೇಜಿನ ಮೇಲೆ ಎರಡು ಲೋಟ ಇಟ್ಟು ತಂದೆಯನ್ನು ಕರೆದಳು. ಅವರು ಇನ್ನೊಂದು ಲೋಟ ತುಂಬಿಸಿ, ಹಿಡಿದುಕೊಂಡು ಹೊರಗೆ ನಡೆದರು.

"ಪಪ್ಪಾ, ಎಲ್ಲಿಗೆ?"

"ಅವಳ ಪಾಲು ಕಳಿಸ್ಬಾರ್ದು ಅಂತ ಹೇಳಿದ್ದಾಳಲ್ಲ. ಒಟ್ಟಿಗೆ ಕೂರುವ, ಬಾ."

ಹಿಂದಿನ ಸೀಟಿನಲ್ಲಿ ಆ ಲೋಟ ಇಟ್ಟು ತಂದೆ ಮಗಳು ಮುಂದೆ ಕೂತರು. ನಾನು ಬೇಲಿಯಾಚೆ ನಿಂತು ನೋಡಿದೆ. ಅಂಗಳ ಸಮತಟ್ಟಾಗಿತ್ತು, ಕಾರು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಆದರೂ ಚಕ್ರಕ್ಕೆ ಕಲ್ಲು ಕೊಟ್ಟಿದ್ದರು.