ನರ್ಸಿಂಗ್ ಹೋಮಿಗೆ ಬಂದ ನ್ಯಾಯಾಲಯ

ಮೈಸೂರಿನ ಕೋರ್ಟಿನಲ್ಲಿ ಕೆಲವು ವರ್ಷ ವಕೀಲಿ ವೃತ್ತಿ ಮಾಡಿದವಳು ನಾನು. ಮದುವೆಯಾಗಿ ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್‌ಗೆ ಬಂದ ಮೇಲೆ ಕರಿ ಕೋಟು ಸೂಟ್‌ಕೇಸಿನಲ್ಲೇ ಉಳಿಯಿತು. ಮಗಳು ಶಾಲೆಗೆ ಹೋಗಲು ಶುರು ಮಾಡಿದ ವರ್ಷ, ಔಷಧ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ಗಂಡ ಒಂದು ಸಂಜೆ ಪಾತ್ರೆ ತೊಳೆಯುತ್ತಾ, "ಟೀವಿಲಿ ಕೋರ್ಟ್ ಸೀನ್ ಬಂದಾಗೆಲ್ಲ ನೀನು ಆ ಲಾಯರ್‌ಗಳ ತಪ್ಪು ಹುಡುಕ್ತಾ ಕೂತ್ಕೋತೀಯ. ಅದರ ಬದಲು ಎಲ್‌ಎಲ್‌ಎಂಗೆ ಅಪ್ಲೈ ಮಾಡು" ಎಂದರು. ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ಗೊತ್ತಿಲ್ಲ. ನಾನು ಮಾತ್ರ ನಿಜವೆಂದೇ ತೆಗೆದುಕೊಂಡೆ.

ಹೊರದೇಶದಲ್ಲಿ ಕಾನೂನು ಓದಿದವರು ಇಲ್ಲಿ ಒಂದು ವರ್ಷದ ಎಲ್‌ಎಲ್‌ಎಂ ಮುಗಿಸಿದರೆ ನ್ಯೂಯಾರ್ಕಿನ ಬಾರ್ ಪರೀಕ್ಷೆಗೆ ಕೂರಬಹುದು. ಅದು ಪಾಸಾದರೆ ವಕೀಲರಾಗಬಹುದು. ನನಗೆ ಸೀಟು ಸಿಕ್ಕಿದ್ದು ಮ್ಯಾನ್‌ಹಟನ್‌ನ ಒಂದು ಕಾಲೇಜಿನಲ್ಲಿ. ಬೆಳಗಿನ ರೈಲಿನಲ್ಲಿ ನಿಂತುಕೊಂಡೇ ಓದುತ್ತಾ ಹೋಗುತ್ತಿದ್ದೆ. ತರಗತಿಯಲ್ಲಿ ನನ್ನ ಎಡಕ್ಕೆ ಜಪಾನಿನ ಒಬ್ಬ ನ್ಯಾಯಾಧೀಶರು, ಬಲಕ್ಕೆ ಬ್ರೆಜಿಲ್‌ನ ವಕೀಲೆ. ತಮ್ಮ ತಮ್ಮ ಊರಿನಲ್ಲಿ ಜನ ಎದ್ದು ನಿಲ್ಲುವಂಥವರು ಇಲ್ಲಿ ಪೆನ್ಸಿಲ್ ಹಿಡಿದು ಮೊದಲ ಬೆಂಚಿನಲ್ಲಿ ಕೂತಿದ್ದರು. ಅದನ್ನು ನೋಡಿ ನಾನೂ ಪೆನ್ಸಿಲ್ ಚೂಪು ಮಾಡಿಕೊಂಡೆ.

ಎರಡನೆಯ ಸೆಮಿಸ್ಟರಿನಲ್ಲಿ ನಾನು ಕ್ಲಿನಿಕ್ ಸೇರಿದೆ. ಕ್ಲಿನಿಕ್ ಎಂದರೆ ಆಸ್ಪತ್ರೆಯಲ್ಲ. ವಕೀಲರನ್ನು ಇಟ್ಟುಕೊಳ್ಳಲು ಆಗದವರ ಮೊಕದ್ದಮೆಗಳನ್ನು ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕೈಕೆಳಗೆ ನಡೆಸುವ ವಿಭಾಗ ಅದು. ಪ್ರಾಧ್ಯಾಪಕರು ಪಕ್ಕದಲ್ಲಿದ್ದರೆ ವಿದ್ಯಾರ್ಥಿಯೇ ಜಡ್ಜ್ ಮುಂದೆ ವಾದಿಸಲು ಅನುಮತಿ ಇತ್ತು. ನಮ್ಮ ಪ್ರಾಧ್ಯಾಪಕಿ ಬಿಳಿ ಕೂದಲಿನ, ಮೆಲುದನಿಯ ಹೆಂಗಸು. ನನಗೆ ಅವರು ವಹಿಸಿದ್ದು ನ್ಯೂಯಾರ್ಕಿನ ಕ್ವೀನ್ಸ್ ಭಾಗದ ನರ್ಸಿಂಗ್ ಹೋಮ್ ಒಂದರಲ್ಲಿದ್ದ ವೃದ್ಧೆಯ ಮೊಕದ್ದಮೆಯನ್ನು.

ಆಕೆ ಜೀವಮಾನವೆಲ್ಲ ನಾಟಕ ಕಂಪನಿಗಳಿಗೆ ವೇಷಭೂಷಣ ಹೊಲಿದವರು. ಮದುವೆಯಾಗಿರಲಿಲ್ಲ. ಒಂದು ದಿನ ಪಾರ್ಶ್ವವಾಯು ಹೊಡೆದು ಬಲಗೈ ಮಡಚಿಕೊಂಡಿತು, ಮಾತು ಪೂರ್ತಿ ನಿಂತಿತು. ಆಗ ನ್ಯಾಯಾಲಯ ಅವರ ಪರವಾಗಿ ತೀರ್ಮಾನ ತೆಗೆದುಕೊಳ್ಳಲು ಒಬ್ಬ ಗಾರ್ಡಿಯನ್‌ನನ್ನು ನೇಮಿಸಿತ್ತು. ಎಲ್ಲಿ ಇರಬೇಕು, ಯಾವ ಚಿಕಿತ್ಸೆ, ಯಾರು ಬಂದು ನೋಡಬಹುದು, ಎಲ್ಲಕ್ಕೂ ಗಾರ್ಡಿಯನ್ನಿನ ಸಹಿ. ಆತ ಕೆಟ್ಟವನೇನಲ್ಲ, ತನ್ನ ಕೆಲಸವನ್ನು ನೆಟ್ಟಗೆ ಮಾಡಿದ್ದ. ಆದರೆ ಈಗ ಆಕೆಗೆ ಮಾತು ತುಸುತುಸುವೇ ಮರಳಿತ್ತು, ಮನೆಗೆ ಹೋಗಬೇಕು ಎನ್ನುತ್ತಿದ್ದರು. ಇನ್ನು ಗಾರ್ಡಿಯನ್ ಬೇಡವೆಂದು ಅವರ ಪರವಾಗಿ ನಮ್ಮ ಕ್ಲಿನಿಕ್ ಅರ್ಜಿ ಹಾಕಿತ್ತು. ಗಾರ್ಡಿಯನ್ ಅಡ್ಡಿ ಮಾಡಲಿಲ್ಲ. ನರ್ಸಿಂಗ್ ಹೋಮಿನವರು ಮಾತ್ರ, ಒಂಟಿಯಾಗಿದ್ದರೆ ಅಪಾಯ, ಅವರ ಬುದ್ಧಿ ಇನ್ನೂ ಸ್ಥಿರವಾಗಿಲ್ಲ ಎಂದು ವಿರೋಧಿಸಿದರು.

ಮೊದಲ ಸಲ ಭೇಟಿಯಾದಾಗ ಆಕೆ ನನ್ನ ಕೋಟಿನ ತೋಳನ್ನು ಎಡಗೈಯಿಂದ ಎಳೆದು, ಒಳಗಿನ ಹೊಲಿಗೆ ನೋಡಿ, ಮುಖ ಸಿಂಡರಿಸಿದರು. ಇಬ್ಬರೂ ನಕ್ಕೆವು. ಮಾತು ಮಾತ್ರ ಕಷ್ಟವಾಗಿತ್ತು. ಹೇಳಬೇಕಾದ ಪದ ಒಳಗಿರುತ್ತಿತ್ತು, ಬಾಯಿಗೆ ಬೇರೆಯದೇ ಬರುತ್ತಿತ್ತು. ಕಿಟಕಿ ಎನ್ನಲು ಹೋಗಿ ಮಂಗಳವಾರ ಎನ್ನುತ್ತಿದ್ದರು. ತಪ್ಪಾಯಿತೆಂದು ಅವರಿಗೇ ಗೊತ್ತಾಗಿ, ತಲೆ ಅಲ್ಲಾಡಿಸಿ, ಮತ್ತೆ ಹುಡುಕುತ್ತಿದ್ದರು. ನನಗೆ ತಡೆಯಲಾಗದೆ "ಕಿಟಕಿಯಾ?" ಎಂದುಬಿಡುತ್ತಿದ್ದೆ. ಮೈಸೂರಿನ ಕೋರ್ಟಿನಲ್ಲಿ ಕೇಸು ಕೂಗಿದ ಕೂಡಲೇ ಓಡಿ, ಎರಡು ಮಾತಿನಲ್ಲಿ ವಾಯಿದೆ ಕೇಳಿ ಮುಗಿಸಿ ರೂಢಿಯಾದ ನಾಲಿಗೆ ನನ್ನದು.

ಹೊರಗೆ ಬಂದ ಮೇಲೆ ಪ್ರಾಧ್ಯಾಪಕಿ ಹೇಳಿದರು: "ಪದ ನೀವು ಕೊಟ್ಟು, ಅವರು ಹೂಂ ಅಂದರೆ, ಅದು ನಿಮ್ಮ ಸಾಕ್ಷ್ಯ. ಅವರದ್ದಲ್ಲ. ಸುಮ್ಮನೆ ಕೂತುಕೊಳ್ಳುವುದನ್ನು ಕಲಿಯಿರಿ."

ಆಮೇಲಿನ ವಾರಗಳಲ್ಲಿ ನಾನು ಕಲಿತದ್ದು ಅದೊಂದೇ ಎನ್ನಬೇಕು. ಸಬ್‌ವೇ ಹಿಡಿದು ಹೋಗುವುದು, ಎದುರು ಕೂರುವುದು, ಒಂದು ಪ್ರಶ್ನೆ ಕೇಳುವುದು, ಕಾಯುವುದು. ಕಾಯುತ್ತಾ ಅವರ ಮುಖ ನೋಡುತ್ತಿದ್ದೆ. ಹುಬ್ಬು ಗಂಟಿಕ್ಕಿ, ತುಟಿ ಒದ್ದಾಡಿ, ಕೊನೆಗೆ ಸರಿಯಾದ ಪದ ಸಿಕ್ಕಾಗ ಕಣ್ಣು ಅರಳುತ್ತಿತ್ತು. ಒಂದು ಪದಕ್ಕೆ ಮನುಷ್ಯರು ಇಷ್ಟು ದುಡಿಯಬಲ್ಲರೆಂದು ಅದುವರೆಗೆ ಮಾತಿನಿಂದಲೇ ಬದುಕಿದ ನನಗೆ ತಿಳಿದಿರಲಿಲ್ಲ.

ಕಾನೂನು ಓದುವಾಗ ಇನ್ನೊಂದು ಅಚ್ಚರಿ ಕಾದಿತ್ತು. ಇಂಥ ಅರ್ಜಿಯಲ್ಲಿ ತಾನು ಸಮರ್ಥಳು ಎಂದು ಆಕೆ ರುಜುವಾತು ಮಾಡಬೇಕಿಲ್ಲ. ಆಕೆ ಅಸಮರ್ಥಳು ಎನ್ನುವವರೇ ಅದನ್ನು ರುಜುವಾತು ಮಾಡಬೇಕು. ಆ ಸಾಲನ್ನು ರೈಲಿನಲ್ಲಿ ಓದಿ ಪುಸ್ತಕ ಮುಚ್ಚಿ ಹೊರಗೆ ನೋಡಿದೆ. ಯಾರೋ ಯಾವಾಗಲೋ ಕೂತು, ಕಾಣದ ಒಬ್ಬ ಮುದುಕಿಗಾಗಿ ಇದನ್ನು ಬರೆದಿಟ್ಟಿದ್ದರಲ್ಲ ಎನಿಸಿತು.

ವಿಚಾರಣೆಯ ದಿನ ರಸ್ತೆಯೆಲ್ಲ ಹಿಮ ಗಟ್ಟಿಯಾಗಿತ್ತು. ಆಕೆ ಎಡಗೈಯಲ್ಲಿ ಕೋಲು ಹಿಡಿದು ನಡೆಯುವವರು, ಕೋರ್ಟಿಗೆ ಕರೆತರುವುದು ಆಗದ ಮಾತು. ವಿಚಾರಣೆ ಮುಂದಕ್ಕೆ ಹೋಗುತ್ತದೆ ಎಂದುಕೊಂಡೆ. ಪ್ರಾಧ್ಯಾಪಕಿ ಫೋನ್ ಮಾಡಿ, ಜಡ್ಜೇ ಅಲ್ಲಿಗೆ ಬರುತ್ತಾರೆ ಎಂದರು. ನನಗೆ ನಂಬಿಕೆ ಬರಲಿಲ್ಲ. ನಾನು ಕಂಡಿದ್ದ ನ್ಯಾಯಾಲಯದ ಮುಂದೆ ಜನ ಹೋಗಿ ಕೈಕಟ್ಟಿ ನಿಲ್ಲುತ್ತಿದ್ದರು. ಅದು ತಾನೇ ಎದ್ದು ಯಾರ ಬಳಿಗೂ ಹೋದದ್ದನ್ನು ಕಂಡಿರಲಿಲ್ಲ.

ಅವರು ಬಂದರು. ಐವತ್ತು ದಾಟಿದ ಹೆಂಗಸು, ಬೂಟಿಗೆ ಮೆತ್ತಿದ ಹಿಮವನ್ನು ಬಾಗಿಲ ಮ್ಯಾಟಿಗೆ ಒರೆಸಿಕೊಂಡು, ಚೀಲದಿಂದ ಕಪ್ಪು ನಿಲುವಂಗಿ ತೆಗೆದು, ಕೋಟು ಕಳಚಿ ಅದನ್ನು ತೊಟ್ಟರು. ವೃದ್ಧರು ಬಿಂಗೊ ಆಡುವ ಹಾಲ್ ಅದು. ವ್ಯಾಲೆಂಟೈನ್ಸ್ ಡೇಗೆಂದು ಗೋಡೆಗೆ ಕೆಂಪು ಕಾಗದದ ಹೃದಯಗಳನ್ನು ಅಂಟಿಸಿದ್ದರು. ಒಂದು ಮಡಚುವ ಮೇಜು, ಅದರ ಪಕ್ಕ ಸ್ಟೆನೋಗ್ರಾಫರ್, ಅವರ ಪುಟ್ಟ ಯಂತ್ರ. ಜಡ್ಜ್ ಕೂತರು, ನಾವೆಲ್ಲ ಕೂತೆವು, ಆ ಹಾಲ್ ನೋಡನೋಡುತ್ತಿದ್ದಂತೆ ನ್ಯಾಯಾಲಯವಾಗಿಬಿಟ್ಟಿತು.

ನರ್ಸಿಂಗ್ ಹೋಮಿನ ವಕೀಲರು ತಮ್ಮ ವೈದ್ಯರನ್ನು ಪ್ರಶ್ನಿಸಿದರು. ವೈದ್ಯರು ಮರ್ಯಾದೆಯಿಂದಲೇ, ಈಕೆ ಬೀಳಬಹುದು, ಸಹಾಯಕ್ಕೆ ಕರೆಯಲು ಪದ ಸಿಗದೆ ಹೋಗಬಹುದು ಎಂದರು. ಅದು ಸುಳ್ಳೇನೂ ಆಗಿರಲಿಲ್ಲ. ಆಮೇಲೆ ನನ್ನ ಸರದಿ. ಎದ್ದು ನಿಂತೆ. ಆಕೆಯ ಹತ್ತಿರ ಹೋಗಿ ಕೇಳಿದೆ, ನೀವು ಮನೆಗೆ ಯಾಕೆ ಹೋಗಬೇಕು ಅಂತೀರಿ?

ಆಕೆ ಬಾಯಿ ತೆರೆದರು. ಏನೂ ಬರಲಿಲ್ಲ. "ಚಮಚ" ಎಂದರು, ತಲೆ ಅಲ್ಲಾಡಿಸಿದರು. ಮತ್ತೆ ಹುಡುಕಿದರು. ಸ್ಟೆನೋಗ್ರಾಫರ್ ಬೆರಳುಗಳು ಯಂತ್ರದ ಮೇಲೆ ಹಾಗೇ ನಿಂತಿದ್ದವು. ಎದುರಿನ ವಕೀಲರು ಸಾಕ್ಷಿಗೆ ಉತ್ತರಿಸಲು ಆಗುತ್ತಿಲ್ಲವೆಂದು ಮೆಲ್ಲಗೆ ಏಳಹೋದರು. ಜಡ್ಜ್ ಅವರ ಕಡೆ ತಿರುಗದೆಯೇ ಕೈ ಎತ್ತಿ ತಡೆದು, ಸ್ಟೆನೋಗ್ರಾಫರಿಗೆ ಹೇಳಿದರು:

"ಸಾಕ್ಷಿ ಯೋಚಿಸುತ್ತಿದ್ದಾರೆ ಎಂದು ದಾಖಲಾಗಲಿ."

ಯಂತ್ರ ಟಕಟಕ ಎಂದಿತು. ಕಾರಿಡಾರಿನಲ್ಲಿ ಯಾರದೋ ಊಟದ ಗಾಡಿ ಹೋಯಿತು. ಯಾರೂ ಕದಲಲಿಲ್ಲ.

"ಬಾಗಿಲು," ಎಂದರು ಆಕೆ. "ಬಾಗಿಲು... ನಾನು ಹಾಕಿಕೊಳ್ಳಬೇಕು. ಇಲ್ಲಿ... ಎಲ್ಲರೂ ತೆಗೀತಾರೆ."

ನನ್ನ ಮುಂದಿನ ಪ್ರಶ್ನೆ ನೆನಪಿಗೇ ಬರಲಿಲ್ಲ. ಜಡ್ಜ್ ತಾವೇ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡು, ಮನೆಯಲ್ಲಿ ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರು. ಈ ಸಲ ಅಷ್ಟು ಹೊತ್ತಾಗಲಿಲ್ಲ. ಆಕೆ ಕತ್ತಿನಲ್ಲಿ ತೂಗುಹಾಕಿಕೊಂಡಿದ್ದ ತುರ್ತು ಕರೆಯ ಗುಂಡಿಯನ್ನು ಎತ್ತಿ ತೋರಿಸಿದರು. ಆಮೇಲೆ, "ಬಿದ್ದರೆ ಬೀಳ್ತೀನಿ. ನನ್ನ ಮನೇಲಿ" ಎಂದರು.

ಜಡ್ಜ್ ತೀರ್ಪನ್ನು ಅಲ್ಲೇ ಕೊಟ್ಟರು. ಕಾನೂನಿನ ಮಾತುಗಳನ್ನೆಲ್ಲ ಸ್ಟೆನೋಗ್ರಾಫರಿಗೆ ಹೇಳಿ ಮುಗಿಸಿ, ಆಕೆಯ ಕಡೆ ತಿರುಗಿ, ಇನ್ನು ಮೇಲೆ ನಿಮ್ಮ ಸಹಿ ನಿಮ್ಮದೇ, ಬೇರೆ ಯಾರದೂ ಬೇಕಿಲ್ಲ ಎಂದು ನಿಧಾನವಾಗಿ, ಸರಳವಾಗಿ ಹೇಳಿದರು. ಆಕೆ ಅಳಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತರು. ಒಂದು ನಿಮಿಷದ ಹಿಂದೆ ಇತರರ ಸುಪರ್ದಿಯಲ್ಲಿದ್ದ ಹೆಂಗಸನ್ನು ಬರೀ ಮಾತಿನಿಂದ ಅವಳಿಗೇ ವಾಪಸ್ಸು ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡೆ. ಕಾನೂನು ಎನ್ನುವ ಪದವನ್ನು ಅಷ್ಟು ವರ್ಷ ಬಳಸಿಯೂ ಅದರ ಗಾತ್ರ ನನಗೆ ಗೊತ್ತಿರಲಿಲ್ಲ.

ವಾಪಸ್ಸು ಬರುವಾಗ ಗಂಡನ ಫೋನ್ ಬಂತು. ಹೇಗಾಯಿತು ಎಂದು ಕೇಳಿದರು. "ಆಯ್ತು ರೀ, ಮನೆಗೆ ಬಂದು ಹೇಳ್ತೀನಿ" ಎಂದೆ. ಮನೆಗೆ ಬಂದ ಮೇಲೂ ಹೇಳಲು ಎರಡು ದಿನ ಹಿಡಿಯಿತು.

ಆಕೆ ಮನೆಗೆ ಹೋದರು. ಹಗಲು ಒಬ್ಬ ಸಹಾಯಕಿ ಬಂದು ಹೋಗುತ್ತಿದ್ದರು. ಆ ಬೇಸಿಗೆಯಲ್ಲಿ ಆಕೆ ನಿಜಕ್ಕೂ ಬಿದ್ದರು, ಮಣಿಕಟ್ಟು ಮುರಿಯಿತು. ಸುದ್ದಿ ತಿಳಿದಾಗ ನಾನು ಬಾರ್ ಪರೀಕ್ಷೆಯ ಓದಿನಲ್ಲಿ ಮುಳುಗಿದ್ದೆ. ನಾವು ಮಾಡಿದ್ದು ಸರಿಯೇ ಎಂದು ಪ್ರಾಧ್ಯಾಪಕಿಯನ್ನು ಕೇಳಿದೆ. ಅದನ್ನು ಆಕೆಯನ್ನೇ ಕೇಳಿ ಎಂದರು. ನೋಡಲು ಹೋದಾಗ ಆಕೆ ಪ್ಲಾಸ್ಟರ್ ಹಾಕಿದ ಕೈಯಿಂದಲೇ ನನ್ನನ್ನು ಕುರ್ಚಿಗೆ ಕೂರಿಸಿ, ನಾಟಕಗಳ ಫೋಟೋ ತೋರಿಸಿದರು. ಕೇಳುವ ಅಗತ್ಯವೇ ಬೀಳಲಿಲ್ಲ. ಪ್ಲಾಸ್ಟರ್ ತೆಗೆದ ಮೇಲೂ ಅದೇ ಮನೆಯಲ್ಲಿದ್ದಾರೆ.

ಪರೀಕ್ಷೆ ನಡೆದ ಹಾಲ್ ವಿಮಾನ ನಿಲ್ಲಿಸುವಷ್ಟು ದೊಡ್ಡದಿತ್ತು. ಸಾಲು ಸಾಲು ಲ್ಯಾಪ್‌ಟಾಪುಗಳು, ಯಾರಿಗೂ ಯಾರ ಮುಖವೂ ಬೇಕಿಲ್ಲ. ಎಲೆ ಉದುರುವ ಕಾಲಕ್ಕೆ ಫಲಿತಾಂಶ ಬಂತು. ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುತ್ತಿದ್ದೆ. ಪಾಸಾಗಿದ್ದೇನೆ ಎಂದು ಓದಿ, ಪಕ್ಕದಲ್ಲಿದ್ದ ಅಪರಿಚಿತ ಆಂಟಿಗೆ ಫೋನ್ ತೋರಿಸಿದೆ. ಅವರು ಏನೂ ಅರ್ಥವಾಗದಿದ್ದರೂ ನನ್ನ ಕೆನ್ನೆ ಮುಟ್ಟಿ "ಒಳ್ಳೇದಾಗ್ಲಿ ಕಣಮ್ಮ" ಎಂದರು. ಕನ್ನಡದವರು ಎಂದು ಆಗಲೇ ತಿಳಿದದ್ದು.

ಪ್ರಮಾಣವಚನದ ದಿನ ಗಂಡ, ಮಗಳು ಹಿಂದಿನ ಸಾಲಿನಲ್ಲಿದ್ದರು. ಜಪಾನಿನವರು ಆಗಲೇ ಊರಿಗೆ ಹೋಗಿದ್ದರು, ಬ್ರೆಜಿಲ್‌ನ ವಕೀಲೆ ನನ್ನ ಪಕ್ಕದಲ್ಲಿದ್ದಳು. ಎತ್ತರದ ಛಾವಣಿಯ ಕೆಳಗೆ ಎಷ್ಟೋ ದೇಶದ ಬಲಗೈಗಳು ಒಟ್ಟಿಗೆ ಮೇಲೆದ್ದವು. ಆಮೇಲೆ ಕ್ವೀನ್ಸ್‌ನ ಫ್ಲಶಿಂಗ್‌ನಲ್ಲಿರುವ ದೇವಸ್ಥಾನಕ್ಕೆ ಹೋಗಿ ಗಣೇಶನಿಗೆ ಕೈಮುಗಿದು, ಕೆಳಗಿನ ಕ್ಯಾಂಟೀನಿನಲ್ಲಿ ದೋಸೆ ತಿಂದೆವು. ಮಗಳು ಇಂಗ್ಲಿಷಿನಲ್ಲಿ, ನೀನು ಈಗ ನಿಜವಾದ ಲಾಯರ್ರಾ ಎಂದು ಕೇಳಿದಳು. ಹೌದು ಎಂದೆ. ಅವಳು ಬಹುಮಾನ ಕೊಡುವವಳಂತೆ ತನ್ನ ತಟ್ಟೆಯ ಚಟ್ನಿಯನ್ನು ನನ್ನ ಕಡೆ ಸರಿಸಿದಳು.